ಹಗುರಪ್ಪನ ಕೊಳವೆ

ಕಾರಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಇಸ್ತ್ರಿ ಮುರಿಯದ ಕಪ್ಪು ಪ್ಯಾಂಟು, ಪಾಲಿಶ್ ಹೊಡೆದ ಬೂಟು. ಸಾವಿನ ಮನೆಗೆ ಬಂದವರು ಅಂಗಳ ದಾಟುವಾಗ ಅದನ್ನು ಕಂಡು ತಬ್ಬಿಬ್ಬಾಗಿ, ಸಾಂತ್ವನ ಹೇಳಬೇಕಾದ್ದು ಯಾರಿಗೆಂದು ತಿಳಿಯದೆ, ಬೂಟುಗಳಿಗೇ ತಲೆಬಾಗಿಸಿ ಒಳಗೆ ಹೋಗುತ್ತಿದ್ದರು.

"ಮಾಮ, ಎಷ್ಟನೇ ನಂಬರಿನ ಸ್ಪ್ಯಾನರು?" ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸತ್ತವನ ಮಗಳು ಕೇಳಿದಳು.

"ಯಾವುದಾದ್ರೂ ಕೊಡು. ಈ ಬೋಲ್ಟಿಗೆ ತುಕ್ಕು ಹಿಡಿದು ತನ್ನ ನಂಬರು ತನಗೇ ಮರೆತುಹೋಗಿದೆ."

ಕಾಲುಗಳು ಸತ್ತವನ ಭಾವಮೈದನವು. ಸತ್ತವನನ್ನು ಊರೆಲ್ಲ ಹಗುರಪ್ಪ ಎಂದು ಕರೆಯುತ್ತಿತ್ತು. ಕಾರುಗಳಿಗೆ ಅಳತೆ ತೆಗೆದು ಹೊಗೆಕೊಳವೆ ಮಾಡಿಕೊಡುವುದು ಅವನ ಕಸುಬು. ಎಂಜಿನ್ನಿನಿಂದ ಹಿಂದಿನ ಬಂಪರಿನವರೆಗೆ ಹೊಗೆ ಹೋಗುವ ದಾರಿಯನ್ನು ಯಾವ ಲೋಹದಲ್ಲಿ ಮಾಡಿದರೆ ಎಷ್ಟು ತೂಕ ಉಳಿಯುತ್ತದೆ ಎಂಬ ಒಂದೇ ಚಿಂತೆಯಲ್ಲಿ ಅವನ ತಲೆಗೂದಲೆಲ್ಲ ಉದುರಿತ್ತು. ತೂಕ ಇಳಿಸುವ ಈ ಚಟ ಶೆಡ್ಡಿನಲ್ಲಿ ನಿಲ್ಲದೆ ಮನೆಯೊಳಗೂ ನುಗ್ಗಿತ್ತು. ಚಮಚಗಳ ಹಿಡಿಗೆಲ್ಲ ತೂತು ಕೊರೆದಿದ್ದ. ಹಲ್ಲುಜ್ಜುವ ಬ್ರಶ್ಶುಗಳನ್ನು ಅರ್ಧಕ್ಕೆ ಕತ್ತರಿಸಿದ್ದ. ಮದುವೆಯ ಉಂಗುರವನ್ನೂ ಟೈಟಾನಿಯಮ್ಮಿನಲ್ಲಿ ತಾನೇ ಮಾಡಿ ಹೆಂಡತಿಗೆ ತೊಡಿಸಿದ್ದ. ಅದು ಎಷ್ಟು ಹಗುರವೆಂದರೆ, ಬೆರಳಲ್ಲಿದೆಯೋ ಎಲ್ಲಾದರೂ ಬಿದ್ದುಹೋಯಿತೋ ಎಂದು ಆಕೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತನ್ನ ಮೈಯ ತೂಕವನ್ನು ಮಾತ್ರ ಅವನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಆ ಬೀದಿಯಲ್ಲಿ ಅವನಷ್ಟು ದಪ್ಪ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೊನ್ನೆ ಮಧ್ಯಾಹ್ನ ಕೊಳವೆ ಬಿಗಿಯುವ ಒಂದು ಕ್ಲಾಂಪನ್ನು ತೂಗುತ್ತ ತಕ್ಕಡಿಯ ಮುಂದೆ ಕೂತವನು ಮತ್ತೆ ಏಳಲಿಲ್ಲ.

ಶವದ ಗಾಡಿ ಮಧ್ಯಾಹ್ನದೊಳಗೆ ಬರುವುದಿತ್ತು. ಯಾರು ಯಾವ ಕಾರಿನಲ್ಲಿ ಹೋಗುವುದು ಎಂದು ಬೆಳಿಗ್ಗೆ ಹಂಚಿಕೆ ನಡೆಯುತ್ತಿದ್ದಾಗ, ಅದುವರೆಗೆ ಬಾಯಿಬಿಡದಿದ್ದ ಹೆಂಡತಿ ಹೇಳಿದ್ದಳು:

"ನಾನು ನನ್ನ ಕಾರಲ್ಲಿ ಬರ್ತೀನಿ."

ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆಕೆಯ ಕಾರು ಎಂದರೆ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಹಸಿರು ಕಾರು. ಹಗುರಪ್ಪ ಅದನ್ನು ಆಕೆಗೆಂದೇ ಕಟ್ಟಿದ್ದ. ಎಂಜಿನ್ ಓಡುತ್ತಿತ್ತು, ಸೀಟು ಹೊಸದು, ಬಣ್ಣ ಮಿರಮಿರ ಮಿಂಚುತ್ತಿತ್ತು. ಹೊಗೆಕೊಳವೆ ಒಂದಿರಲಿಲ್ಲ. ಊರ ಕಾರುಗಳಿಗೆಲ್ಲ ಕೊಳವೆ ಹಾಕಿದವನು ಹೆಂಡತಿಯ ಕಾರಿಗೆ ಯಾವ ಲೋಹ ಎಂದು ತೀರ್ಮಾನಿಸಲಾರದೆ ಹೊರಟುಹೋಗಿದ್ದ.

"ಕೊಳವೆ ಇಲ್ದೆ ಸ್ಟಾರ್ಟ್ ಮಾಡಿದ್ರೆ ಸತ್ತೋರು ಎದ್ದು ಕೂರ್ತಾರೆ ಅಕ್ಕ," ಎಂದ ಭಾವಮೈದ, ಆಕೆಯ ತಮ್ಮ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಹಾಗಾದ್ರೆ ಕೊಳವೆ ಹಾಕು. ಅವರು ಮುಂದೆ ಹೋಗುವಾಗ ನಾನು ಅದರಲ್ಲಿ ಹಿಂದೆ ಹೋಗ್ಬೇಕು. ಇಲ್ಲಾಂದ್ರೆ ನಾನು ಮನೇಲೇ ಇರ್ತೀನಿ."

ಆಕೆ ಹೇಳಿದರೆ ಹೇಳಿದ್ದೇ. ಗಂಡನ ಮಣ್ಣಿಗೆ ಹೆಂಡತಿಯೇ ಬರದಿದ್ದರೆ ನೋಡಿದವರು ಏನೆಂದುಕೊಂಡಾರು ಎಂದು ನೆಂಟರಿಗೆ ಕೈಕಾಲು ಆಡದಾಯಿತು. ನಾಲ್ಕು ಜನ ಸೇರಿ ಹಸಿರು ಕಾರನ್ನು ಅಂಗಳಕ್ಕೆ ತಳ್ಳಿದರು. ಭಾವಮೈದ ಕೋಟು ಬಿಚ್ಚಿ ಅದರಡಿ ಸೇರಿದ.

* * *

ಮದುವೆಯಾದ ಹೊಸದರಲ್ಲಿ ಹಗುರಪ್ಪನ ಬಳಿ ಒಂದು ಲಡಾಸು ವ್ಯಾನಿತ್ತು. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಮುದ್ರ ತೋರಿಸಲು ಹೋಗಿದ್ದ. ದಾರಿಯುದ್ದಕ್ಕೂ ಆಕೆ ಮಾತಾಡಿದಳು, ದಾರಿಯುದ್ದಕ್ಕೂ ಅವನು "ಹಾಂ?" ಎಂದ. ಮನೆಗೆ ವಾಪಸಾಗಿ ಇಳಿಯುವ ಹೊತ್ತಿಗೆ ಆಕೆಯ ಗಂಟಲು ಕಟ್ಟಿಹೋಗಿತ್ತು.

"ನಾನು ಹೇಳಿದ್ದು ಒಂದಾದ್ರೂ ಕೇಳಿಸ್ತಾ ನಿಮಗೆ?"

"ಮಧ್ಯದಲ್ಲೆಲ್ಲೋ ಛತ್ರಿ ಅಂದ ಹಾಗಾಯ್ತು."

"ನನಗೊಂದು ಕಾರು ಮಾಡಿಕೊಡಿ. ಒಳಗೆ ಕೂತು ಮೆತ್ತಗೆ ಮಾತಾಡಿದ್ರೂ ನಿಮಗೆ ಕೇಳಿಸೋ ಅಂಥದ್ದು."

ಮಾಡಿಕೊಡುತ್ತೇನೆ ಎಂದ. ಆಕೆ ಆ ಮಾತನ್ನು ಹಿಡಿದುಕೊಂಡು ಕೂರಲಿಲ್ಲ. ಅವನು ಮಾತ್ರ ಬಿಡಲಿಲ್ಲ. ಕಸುಬು ಕೈಗೆ ಹತ್ತಿದ ಮೇಲೆ ಯಾರೋ ಮೂಲೆಗೆಸೆದ ಹಸಿರು ಕಾರನ್ನು ತಂದು, ಬಿಡುವಿದ್ದಾಗಲೆಲ್ಲ ಅದರ ಸುತ್ತ ಸುತ್ತತೊಡಗಿದ.

ತೊಡಕೆಲ್ಲ ಲೋಹದ್ದು. ಸ್ಟೇನ್‌ಲೆಸ್ ಸ್ಟೀಲು ಬಾಳಿಕೆ ಬರುತ್ತದೆ, ಆದರೆ ಭಾರ. ಅಲ್ಯೂಮಿನಿಯಂ ಹಗುರ, ಆದರೆ ಎಂಜಿನ್ನಿನ ಪಕ್ಕದ ಕಾವಿಗೆ ಮೆತ್ತಗಾಗಿ ಜೋತುಬೀಳುತ್ತದೆ; ಬಾಲದ ತುದಿಗೆ ಮಾತ್ರ ಸರಿ. ಟೈಟಾನಿಯಂ ಎಂಥ ಕಾವಿಗೂ ಜಗ್ಗುವುದಿಲ್ಲ, ತೂಕದಲ್ಲಿ ಸ್ಟೀಲಿನ ಅರ್ಧದ ಆಸುಪಾಸು. ಆದರೆ ತಗಡು ತೆಳುವಾದಷ್ಟೂ ಗಂಟೆಯ ಹಾಗೆ ಹಾಡಲು ಶುರುಮಾಡುತ್ತದೆ. ಹಗುರ ಬೇಕಾದರೆ ಸದ್ದು ತಡಕೊಳ್ಳಿ, ಮೌನ ಬೇಕಾದರೆ ಭಾರ ಹೊರಿ ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದವನು ಹೆಂಡತಿಗೆ ಮಾತ್ರ ಎರಡನ್ನೂ ಕೊಡಲು ಹೊರಟಿದ್ದ. ಅದೇ ಅವನ ತಪ್ಪು, ತಪ್ಪು ಅನ್ನುವುದಾದರೆ.

ಒಂದು ಕೊಳವೆ ಮುಗಿದಾಗಲೆಲ್ಲ ಅಡುಗೆಮನೆಯ ಕಿಟಕಿಯ ಹತ್ತಿರ ಬಂದು "ಸ್ವಲ್ಪ ಕೇಳಿ ಹೇಳೇ" ಎನ್ನುತ್ತಿದ್ದ. ಶೆಡ್ಡಿನೊಳಗೆ ಎಂಜಿನ್ ಗುರುಗುಟ್ಟುತ್ತಿತ್ತು. ಆಕೆ ಸೌಟು ಹಿಡಿದುಕೊಂಡೇ ತಲೆ ವಾಲಿಸಿ ಕೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು.

"ಡಬ್ಬ ಒದ್ದ ಹಾಗಿದೆ."

ಹಗುರಪ್ಪ ಹೋಗಿ ಕೊಳವೆ ಬಿಚ್ಚುತ್ತಿದ್ದ.

* * *

ಶೆಡ್ಡಿನ ಗೋಡೆಯ ಮೇಲೆ ಮೂರು ಲೋಹದ ಕೊಳವೆಗಳೂ ನೇತಾಡುತ್ತಿದ್ದವು. ಭಾವಮೈದ ಯೋಚನೆಯನ್ನೇ ಮಾಡದೆ ಸ್ಟೀಲನ್ನು ಇಳಿಸಿಕೊಂಡಿದ್ದ. ಅವನೂ ಅದೇ ಶೆಡ್ಡಿನ ವೆಲ್ಡರ್; ಜೀವಮಾನವೆಲ್ಲ ಭಾವನ ಜೊತೆ ಸ್ಟೀಲಿನ ಪರ ವಾದ ಮಾಡಿ ಸೋತವನು.

"ಅಪ್ಪ ಇದಕ್ಕೆ ಒಪ್ತಿದ್ರಾ ಮಾಮ?" ಮಗಳು ಕೇಳಿದಳು. ಅವಳು ಊರಿನ ಬಸ್ಸು ಓಡಿಸುವವಳು. ಅಪ್ಪನ ಗ್ರಾಂ ಲೆಕ್ಕಗಳ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಅಷ್ಟು ಭಾರದ ಗಾಡಿ ಹಿಡಿದಳೆಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

"ಒಪ್ತಿರಲಿಲ್ಲ. ಇವತ್ತು ಅವನು ಮಾತಾಡೋ ಹಾಗಿಲ್ಲ. ನಾನು ಗೆದ್ದಿರೋದು ಇದೊಂದೇ ಸಲ, ಗೆಲ್ಲೋಕೆ ಬಿಡು."

ಗೆದ್ದೆ ಎಂದವನು ಕಾರಿನಡಿಯಲ್ಲಿ ಬಿಗಿದ ಬೋಲ್ಟನ್ನೇ ಮತ್ತೊಮ್ಮೆ ಬಿಗಿದ. ಆಮೇಲೆ ಅಲ್ಲಿಂದಲೇ ಕೂಗಿದ: "ಹೊಡಿ ಸ್ಟಾರ್ಟು."

ಎಂಜಿನ್ ಗೊರಗೊರ ಎಂದಿತು. ಒಳಗೆ ಪಿಸುಮಾತಾಡುತ್ತಿದ್ದ ನೆಂಟರು ಸುಮ್ಮನಾದರು. ಅಡುಗೆಮನೆಯ ಕಿಟಕಿ ತೆರೆಯಿತು. ಬಿಳಿಚಿದ ಮುಖ, ಬಾಡಿದ ಕಣ್ಣು. ಅಭ್ಯಾಸಬಲದಿಂದ ಆಕೆ ಹೇಳಿಬಿಟ್ಟಳು:

"ಡಬ್ಬ ಒದ್ದ ಹಾಗಿದೆ."

ಭಾವಮೈದ ದಡಬಡಿಸಿ ಏಳಲು ಹೋಗಿ ತಲೆ ಬಡಿಸಿಕೊಂಡು ಹೊರಗೆ ಬಂದ. ಹಣೆಯ ಮೇಲೆ ಗ್ರೀಸು.

"ಅಕ್ಕ, ಇವತ್ತೊಂದು ದಿನ ಬಾಯಿ ಹೊಲ್ಕೊಂಡು ಇರೋಕಾಗಲ್ವಾ ನಿನಗೆ? ನಿನ್ನ ಈ ಡಬ್ಬದ ದೆಸೆಯಿಂದಾನೇ ಕಾರು ಮುಗೀದೆ ಹೋಗಿದ್ದು."

"ನಾನೇನು ಮಾಡಿದೆ?"

"ಕೇಳು ಅಂದಾಗೆಲ್ಲ ಡಬ್ಬ, ಡಬ್ಬ ಅಂದೆ. ನೀನು ಅಂದಾಗೆಲ್ಲ ಆ ಮನುಷ್ಯ ಬಿಚ್ಚಿ ಮೊದಲಿಂದ ಶುರು ಮಾಡ್ತಿದ್ದ."

"ಅವೆಲ್ಲ ಗಿರಾಕಿಗಳ ಕಾರಲ್ವೇನೋ."

"ಗಿರಾಕಿ ಕಾರಿನ ಸದ್ದು ನಿನ್ನ ಅಡುಗೆಮನೆಗೆ ಕೇಳಿ ಯಾರಿಗೇನಾಗಬೇಕಿತ್ತು? ಕೇಳು ಅಂದಿದ್ದೆಲ್ಲ ನಿನ್ನ ಕಾರೇ. ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ದ. ಗೊತ್ತಾದ್ರೆ ಅವಳು ನನ್ನ ಮುಖ ನೋಡ್ಕೊಂಡು ಚೆನ್ನಾಗಿದೆ ಅಂದುಬಿಡ್ತಾಳೆ ಅಂದ."

ಆಕೆ ಕಿಟಕಿಯ ಸರಳು ಹಿಡಿದುಕೊಂಡಳು. ಮೊನ್ನೆಯಿಂದ ಒಂದು ಹನಿ ಕಣ್ಣೀರು ಹಾಕದವಳು ಈಗ ಅಳತೊಡಗಿದಳು.

"ನನ್ನದು ಅಂತ ಗೊತ್ತಿದ್ರೆ ಸುಳ್ಳು ಹೇಳ್ತಿದ್ದೆ ಕಣೋ. ಎಷ್ಟು ಬೇಕಾದ್ರೂ ಹೇಳ್ತಿದ್ದೆ."

ಮಗಳು ಎಂಜಿನ್ ಆರಿಸಿದಳು. ಅಂಗಳ ಒಮ್ಮೆಲೇ ಖಾಲಿಯಾದಂತಾಯಿತು. ಆಗ ಗೇಟಿನ ಕಡೆಯಿಂದ ಒಂದು ದನಿ ಬಂತು.

"ಇದಲ್ಲ ಅದು."

ಪಕ್ಕದ ಮನೆಯಾಕೆ ಹೂಗುಚ್ಛ ಹಿಡಿದು ನಿಂತಿದ್ದರು. ಹಗುರಪ್ಪನಿಗೂ ಅವರಿಗೂ ಹಾವು ಮುಂಗುಸಿಯ ಸಂಬಂಧ. ಸದ್ದಿಗೆ ರೋಸಿಹೋಗಿ ಒಮ್ಮೆ ಗೋಡೆಯಾಚೆಯಿಂದ ಆಲೂಗಡ್ಡೆ ಎಸೆದಿದ್ದರು; ಹಗುರಪ್ಪ ಅದನ್ನು ತೂಗಿ, ಎಷ್ಟು ಭಾರವಿದೆಯೆಂದು ಹೇಳಿ ವಾಪಸು ಎಸೆದಿದ್ದ.

"ಯಾವುದಲ್ಲ?" ಮಗಳು ಕೇಳಿದಳು.

"ಈ ಸದ್ದಲ್ಲ. ನಿಮ್ಮ ಶೆಡ್ಡಿನ ಒಂದೊಂದು ಸದ್ದೂ ನನಗೆ ಬಾಯಿಪಾಠ ಕಣಮ್ಮ, ಬೇಡಾ ಅಂದ್ರೂ ಬಿಡಲಿಲ್ಲವಲ್ಲ ಅವರು. ಆದ್ರೆ ಒಂದು ಭಾನುವಾರ ಒಂದು ಹಾಕಿದ್ರು. ಬೈಯೋಣ ಅಂತ ಗೋಡೆ ಹತ್ರ ಬಂದು ನಿಂತೆ. ಬೈಯೋಕೆ ಏನೂ ಸಿಗಲಿಲ್ಲ. ಕುರ್ಚಿ ಮೇಲೆ ಕೂತೆ. ಎಚ್ಚರ ಆದಾಗ ಸಂಜೆ ಆಗಿತ್ತು."

"ಯಾವ ಭಾನುವಾರ?" ಕಿಟಕಿಯಿಂದ ಪ್ರಶ್ನೆ ಬಂತು.

"ನಿಮ್ಮನೆ ಹಾಲು ಉಕ್ಕಿ ಸೀದು ಬೀದಿಯೆಲ್ಲ ವಾಸನೆ ಬಂದಿತ್ತಲ್ಲ, ಅವತ್ತು."

ಆಕೆಯ ಕೈ ಸರಳಿನಿಂದ ಜಾರಿತು.

* * *

ಆ ಭಾನುವಾರ ಆಕೆ ಫೋನಿನಲ್ಲಿದ್ದಳು. ಆ ಕಡೆ ಆಕೆಯ ಅಕ್ಕ. ವಿಷಯ ಪರದೆ ಬಟ್ಟೆಯದು. ನೀನು ಆರಿಸಿದ ಬಣ್ಣ ಚೆನ್ನಾಗಿಲ್ಲ ಎಂದು ಇವಳು, ನಿನಗೆ ಕಣ್ಣೇ ಇಲ್ಲ ಎಂದು ಅವಳು. ಒಲೆಯ ಮೇಲೆ ಹಾಲಿತ್ತು. ಹಗುರಪ್ಪ ಕಿಟಕಿಗೆ ಬಂದ. ಅವನ ಮುಖದಲ್ಲಿ ಎಂದಿಲ್ಲದ ಗೆಲುವಿತ್ತು. ಅದನ್ನು ಆಕೆ ಕಂಡಳು, ಏನೆಂದು ಕೇಳಲಿಲ್ಲ.

"ಸ್ವಲ್ಪ ಕೇಳಿ ಹೇಳೇ."

ಫೋನಿಗೆ ಕೈ ಅಡ್ಡ ಹಿಡಿದು ಆಕೆ ಶೆಡ್ಡಿನ ಕಡೆಗೆ ಕಿವಿಗೊಡದೆಯೇ ಅಂದಳು: "ಡಬ್ಬ ಒದ್ದ ಹಾಗಿದೆ, ಹೋಗಿ."

"ಇನ್ನೊಂದು ಸಲ ಕೇಳ್ತೀಯಾ?"

ಅಷ್ಟರಲ್ಲಿ ಹಾಲು ಉಕ್ಕಿತು. ಆಕೆ ಅಯ್ಯೋ ಎಂದು ಒಲೆಯ ಕಡೆ ಓಡಿದಳು. ತಿರುಗಿ ನೋಡಿದಾಗ ಕಿಟಕಿಯಲ್ಲಿ ಅವನಿರಲಿಲ್ಲ.

ಆ ಸಂಜೆ ಅವನು ಬೂದು ಬಣ್ಣದ ಒಂದು ಉದ್ದ ಡಬ್ಬಿ ತಂದು ಮುಂಬಾಗಿಲ ಪಕ್ಕ ನಿಲ್ಲಿಸಿದ. ಒಳಗೆ ಮೈತುಂಬ ತೂತುಗಳ ತೆಳು ನಳಿಗೆ. "ಕೊಡೆ ಇಡೋಕಾಗುತ್ತೆ," ಎಂದ. ಎತ್ತಿದರೆ ಗರಿಯಷ್ಟು ಹಗುರ. ಕಸ ಗುಡಿಸುವಾಗ ಒಂದು ಬೆರಳಲ್ಲಿ ಸರಿಸಬಹುದಿತ್ತು. ಆಕೆಗೆ ಬಹಳ ಹಿಡಿಸಿತು.

"ನೀವು ಮಾಡಿದ್ರಲ್ಲಿ ಇದೊಂದು ಉಪಯೋಗಕ್ಕೆ ಬಂತು ನೋಡಿ," ಎಂದಿದ್ದಳು. ಅವನು ನಕ್ಕಿದ್ದ.

* * *

"ಕೊಡೆಗಳನ್ನ ತೆಗೀರಿ," ಎನ್ನುತ್ತ ಆಕೆ ಹಜಾರ ದಾಟಿ ಬಂದಳು. ಯಾರೂ ಕದಲಲಿಲ್ಲ. ದುಃಖಕ್ಕೆ ತಲೆ ಕೆಟ್ಟಿತೇ ಎಂದು ನೆಂಟರು ನೋಡುತ್ತಿದ್ದಂತೆ ಆಕೆಯೇ ಬಂದವರ ಕೊಡೆಗಳನ್ನೆಲ್ಲ ಕಿತ್ತು ಸಿಕ್ಕಸಿಕ್ಕವರ ಕೈಗೆ ಕೊಟ್ಟಳು. ನಳಿಗೆಯೊಳಗೆ ಒಬ್ಬ ವೃದ್ಧರು ತಮ್ಮ ಊರುಗೋಲು ಇಟ್ಟಿದ್ದರು. ಅದನ್ನೂ ಕಿತ್ತು ಅವರ ಕೈಗೇ ಕೊಟ್ಟಳು. ಡಬ್ಬಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಳಕ್ಕೆ ಇಳಿದಳು.

"ಇದು ಅದೇನಾ?"

ಭಾವಮೈದ ಡಬ್ಬಿಯನ್ನು ತಿರುಗಿಸಿ ನೋಡಿದ. ಶೆಡ್ಡಿನೊಳಗೆ ಹೋಗಿ ಗೋಡೆಯ ಮೇಲಿನ ಟೈಟಾನಿಯಂ ಕೊಳವೆ ತಂದು ತುದಿಗೆ ತುದಿ ಹಿಡಿದ. ಸರಕ್ಕನೆ ಕೂತಿತು.

"ಇದರ ಮಫ್ಲರು, ಈ ಸದ್ದಡಗಿಸೋ ಡಬ್ಬಿ, ಎಲ್ಲಿ ಅಂತ ನಾನು ಕೇಳಿದಾಗೆಲ್ಲ ಎಲ್ಲೋ ಇದೆ ಬಿಡು ಅಂತಿದ್ದ, ಕಳ್ಳ. ನಾನು ದಿನಾ ಅದರಲ್ಲೇ ಕೊಡೆ ಇಡ್ತಿದ್ದೆ."

"ಬೆಸುಗೆ ಬೇಕಾ?" ಮಗಳು ಕೇಳಿದಳು.

"ಬೇಕಾದ್ರೆ ಕೆಟ್ಟೆವು. ಟೈಟಾನಿಯಂ ಬೆಸುಗೆಯ ಕಾವಲ್ಲಿದ್ದಾಗ ಗಾಳಿ ಸೋಕಿದ್ರೆ ಬಿರುಕು ಬಿಡುತ್ತೆ, ಅಂಗಳದಲ್ಲಿ ಆಗೋ ಕೆಲಸ ಅಲ್ಲ." ಅವನು ಕೊಳವೆಯ ಕೊರಳು ಸವರಿದ. ಅವನ ಮುಖ ಅರಳಿತು. "ಇಲ್ಲ. ಎಲ್ಲಾ ಕಡೆ ಒಂದರೊಳಗೊಂದು ತೂರಿಸಿ ಸ್ಪ್ರಿಂಗು ಹಾಕೋ ಹಾಗೆ ಮಾಡಿದ್ದಾನೆ. ಡಬ್ಬಿ ಮುಚ್ಚಳಕ್ಕೂ ರಿವೆಟ್ಟೇ. ಬಿಚ್ಚಿ ಬಿಚ್ಚಿ ಬುದ್ಧಿ ಬಂದಿತ್ತು ಭಾವನಿಗೆ."

ಇನ್ನೊಂದು ತೊಂದರೆ ಉಳಿದಿತ್ತು. ಡಬ್ಬಿಗೂ ಒಳಗಿನ ನಳಿಗೆಗೂ ನಡುವೆ ಸದ್ದು ಹೀರಲು ತುರುಕುವ ಗಾಜಿನೆಳೆಯ ಉಣ್ಣೆ ಶೆಡ್ಡಿನಲ್ಲಿ ಅರ್ಧಕ್ಕಾಗುವಷ್ಟೇ ಇತ್ತು.

"ನಳಿಗೆ ಮೇಲಿನ ಮೊದಲ ಪದರಕ್ಕೆ ಸ್ಟೀಲಿನ ನಾರಾದ್ರೂ ನಡೆಯುತ್ತೆ," ಎಂದ ಭಾವಮೈದ.

"ಪಾತ್ರೆ ಉಜ್ಜೋದಾ?" ಎಂದರು ಪಕ್ಕದ ಮನೆಯಾಕೆ. ಉತ್ತರಕ್ಕೆ ಕಾಯದೆ ಹೂಗುಚ್ಛವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಮನೆಗೆ ಓಡಿದರು. ತಮ್ಮದಲ್ಲದೆ ಬೀದಿಯ ಅಡುಗೆಮನೆಗಳಿಂದೆಲ್ಲ ಹೊಸ ಉಜ್ಜುನಾರು ಎತ್ತಿ ಸೆರಗಿನಲ್ಲಿ ತುಂಬಿಕೊಂಡು ಬಂದರು. "ತುರುಕಪ್ಪ, ಗಟ್ಟಿಯಾಗಿ ತುರುಕು. ಅವರ ಸದ್ದು ಅಡಗಿಸೋದ್ರಲ್ಲಿ ನಂದೂ ಒಂದು ಪಾಲಿರಲಿ." ಹಾಗೆಂದು ಅವರೂ ಮೂಗು ಒರೆಸಿಕೊಂಡರು.

ಸ್ಟೀಲಿನ ಕೊಳವೆ ಬಿಚ್ಚಿ, ಡಬ್ಬಿಗೆ ರಿವೆಟ್ಟು ಹೊಡೆಯುವಾಗ ಶವದ ಗಾಡಿ ಬಂತು. ಆರು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು. ಮೆಟ್ಟಿಲಿಳಿಯುವಷ್ಟರಲ್ಲಿ ಎಂಟು ಜನ ಬೇಕಾಯಿತು.

"ಹಗುರಪ್ಪ ಅಂದ್ರಲ್ಲ ಫೋನಲ್ಲಿ," ಎಂದ ಗಾಡಿಯ ಡ್ರೈವರು ಏದುಸಿರು ಬಿಡುತ್ತ.

"ಬೇರೆಯವರ ಗಾಡಿಯಿಂದ ಇಳಿಸಿದ್ದೆಲ್ಲ ಇವನ ಮೈ ಸೇರಿದೆ," ಎಂದಿತು ಕಾರಿನ ಅಡಿ.

"ಬೇಗ ಹೊರಡಿ, ನನಗೆ ಇನ್ನೊಂದು ಮನೆ ಇದೆ."

"ಸ್ಪ್ರಿಂಗು ಹಾಕಿದ ತಕ್ಷಣ."

"ಏನು ಸ್ಪ್ರಿಂಗು?" ಡ್ರೈವರು ಬಗ್ಗಿ ನೋಡಿದ. ಬಗ್ಗಿದವನು ಹಾಗೇ ಕೂತ. "ಓಹೋ, ಟೈಟಾನಿಯಮ್ಮಾ? ಆ ಕೊಂಡಿ ಎಡಕ್ಕೆ ಎಳೀರಿ, ಎಡಕ್ಕೆ. ಇರಿ, ನಾನು ಹಿಡ್ಕೋತೀನಿ." ಇನ್ನೊಂದು ಮನೆಯವರು ಕಾಯುತ್ತಿರುವುದನ್ನು ಅವನು ಮರೆತ. ಇನ್ನೆರಡು ಕಾಲುಗಳು ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡವು.

ಕೊನೆಯ ಸ್ಪ್ರಿಂಗು ಕೂತಾಗ ಹೆಂಡತಿ ಅಂಗಳದಲ್ಲಿರಲಿಲ್ಲ. ಎಲ್ಲರೂ ಹುಡುಕಾಡುತ್ತಿರುವಾಗ ಅಡುಗೆಮನೆಯ ಕಿಟಕಿಯಲ್ಲಿ ಆಕೆಯ ಮುಖ ಕಂಡಿತು. ಒಲೆಯ ಮೇಲೆ ಏನೂ ಇರಲಿಲ್ಲ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದಿದ್ದಳು.

"ಈಗ ಹಾಕಿ," ಎಂದಳು.

ಮಗಳು ಚಾವಿ ತಿರುಗಿಸಿದಳು. ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ಗಂಡಸು ಮಲಗಿ ನೆಮ್ಮದಿಯಾಗಿ ಉಸಿರಾಡುತ್ತಿರುವಂಥ ಸದ್ದು. ಅಂಗಳದಲ್ಲಿದ್ದವರೆಲ್ಲ ಕಿಟಕಿಯ ಕಡೆ ನೋಡಿದರು. ಭಾವಮೈದ ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡಿದ್ದ. ಆಕೆ ತಲೆ ವಾಲಿಸಿ ಬಹಳ ಹೊತ್ತು ಕೇಳಿದಳು.

"ಹೇಳಕ್ಕ."

ಆಕೆ ಕಿಟಕಿ ಮುಚ್ಚಿ ಅಂಗಳಕ್ಕೆ ಇಳಿದು ಕಾರಿನ ಬಾಗಿಲು ತೆರೆದಳು.

"ಹೊರಡೋಣ," ಎಂದಳು.

* * *

ಶವದ ಗಾಡಿ ಮುಂದೆ ಲಟಪಟ ಸದ್ದು ಮಾಡುತ್ತ ಹೋಗುತ್ತಿತ್ತು. ಹಸಿರು ಕಾರು ಹಿಂದೆ. ಬಸ್ಸು ಓಡಿಸಿ ಅಭ್ಯಾಸವಾದ ಮಗಳು ತಿರುವುಗಳಲ್ಲಿ ಬೇಕಾದ್ದಕ್ಕಿಂತ ಅಗಲವಾಗಿ ಸುತ್ತುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅಮ್ಮ. ಹಿಂದೆ ಹಣೆಯ ಗ್ರೀಸು ಒರೆಸಿಕೊಳ್ಳುತ್ತ ಮಾಮ, ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡ ಪಕ್ಕದ ಮನೆಯಾಕೆ.

ದೊಡ್ಡ ರಸ್ತೆಗೆ ಬಂದ ಮೇಲೆ ಆಕೆ ಮಾತಾಡತೊಡಗಿದಳು. ಮುಂದಿನ ಗಾಡಿಯನ್ನು ನೋಡುತ್ತ, ಮೆತ್ತಗೆ, ದನಿ ಏರಿಸದೆ.

"ನೀರು ಕಾಯಿಸೋ ಮೆಶಿನ್ನು ಮತ್ತೆ ಸೋರ್ತಾ ಇದೆ. ಶೆಡ್ಡಿನ ಇನ್ನೊಂದು ಬೀಗದ ಕೈ ಎಲ್ಲಿಟ್ರಿ ಅಂತ ಹೇಳಲೇ ಇಲ್ಲ ನೀವು. ಅಕ್ಕ ಫೋನ್ ಮಾಡಿದ್ಲು, ಅತ್ತಳು. ಪರದೆ ಬಣ್ಣ ಚೆನ್ನಾಗೇ ಇದೆ ಅಂತ ಹೇಳಿಬಿಟ್ಟೆ. ನಿಮ್ಮ ಕನ್ನಡಕ ನಿಮ್ಮ ಜೇಬಲ್ಲೇ ಇದೆ, ತೆಗೀಲಿಲ್ಲ ನಾನು." ಸ್ವಲ್ಪ ತಡೆದು ಕೇಳಿದಳು: "ಕೇಳಿಸ್ತಾ ಇದೆಯಾ?"

ಕಾರಿನಲ್ಲಿದ್ದ ಮೂವರಿಗೂ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು. ಯಾರೂ ಹಾಂ ಎನ್ನಲಿಲ್ಲ. ಆಕೆ ಸ್ಮಶಾನದ ಗೇಟಿನವರೆಗೂ ಹಾಗೇ ಮಾತಾಡುತ್ತ ಹೋದಳು.

ಮಣ್ಣು ಮಾಡುವ ಕೆಲಸ ಬೇಗ ಮುಗಿಯಿತು. ಎಂಟು ಜನರೂ ಹೆಗಲು ನೀವಿಕೊಳ್ಳುತ್ತ ಹಿಂದಿರುಗಿದರು. ಗೇಟಿನ ಹತ್ತಿರ ಭಾವಮೈದ ಸುಮ್ಮನೆ ಒಮ್ಮೆ ಕಾರಿನ ಅಡಿ ಇಣುಕಿದವನು ಮೊಣಕಾಲೂರಿ ಕೂತುಬಿಟ್ಟ.

"ಬಂದಿದೆ," ಎಂದ.

ಹೊಸ ಟೈಟಾನಿಯಂ ಮಂಕು ಬೂದು. ಶೆಡ್ಡಿನಲ್ಲಿ ನಿಂತಲ್ಲೇ ಎಂಜಿನ್ ಓಡಿಸಿದರೆ ಅದು ಹಾಗೇ ಇರುತ್ತದೆ. ಬಣ್ಣ ನಾನು ಹಾಕೋದಲ್ಲ, ಗಾಡಿ ದಾರಿ ನಡೆದ್ರೆ ತಾನೇ ಬರುತ್ತೆ ಎಂದು ಹಗುರಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ. ಈ ಕೊಳವೆಯ ಬಣ್ಣವನ್ನು ಅವನು ನೋಡಿರಲಿಲ್ಲ.

ಡ್ರೈವರು ಬಗ್ಗಿದ. ಊರುಗೋಲಿನ ವೃದ್ಧರು ಇಬ್ಬರ ಭುಜ ಹಿಡಿದು ಬಗ್ಗಿದರು. ಒಬ್ಬರನ್ನು ನೋಡಿ ಒಬ್ಬರು, ಇಸ್ತ್ರಿ ಬಟ್ಟೆಯ ನೆಂಟರೆಲ್ಲ ಕಾರಿನ ಸುತ್ತ ಮೊಣಕಾಲೂರಿದರು. ದಾರಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಸಾಲು ಸಾಲು ಬೆನ್ನು ಮಾತ್ರ. ಹೆಂಡತಿ ಎಲ್ಲರಿಗಿಂತ ಮುಂದೆ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿಯೇ ಬಿಟ್ಟಿದ್ದಳು. ಎಂಜಿನ್ನಿನ ಪಕ್ಕದಲ್ಲಿ ಕೊಳವೆ ಹೊಂಬಣ್ಣಕ್ಕೆ ತಿರುಗಿ, ಬಾಗಿದಲ್ಲಿ ನೇರಳೆಯಾಗಿ, ನೀಲಿಯಾಗಿತ್ತು. ಯಾರೋ ಏನೋ ಹೇಳಲು ಬಾಯಿ ತೆರೆದರು. ಆಕೆ ಉಂಗುರದ ಕೈಯನ್ನು ಹಿಂದಕ್ಕೆ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಆರುತ್ತಿದ್ದ ಕೊಳವೆ ಟಿಕ್, ಟಿಕ್ ಎನ್ನುತ್ತಿತ್ತು, ಆಕೆ ಕೇಳುತ್ತಿದ್ದಳು.